ತೊಲೆಗೆ ತೂಗಿದ ಚಿನ್ನದ ಕಡಗ

ಬೊಮ್ಮಗುಡ್ಡದ ಮದಾರಜ್ಜನವರ ಮಠವೆಂದರೆ ಗೋಪುರ, ಗಂಟೆ, ಕಲ್ಲಿನ ಕಂಬ ಎಂದು ಯಾರೂ ಎಣಿಸಬಾರದು. ಗುಡ್ಡದ ಬುಡದಲ್ಲಿ ಮಣ್ಣಿನ ಗೋಡೆಯ ಒಂದು ಪಡಸಾಲೆ, ಅದರ ತುಂಬ ಅರಳೆ. ದರ್ಶನಕ್ಕೆ ಬಂದವರು ಅರಳೆ ಸರಿಸಿ ಕೂಡಬೇಕು, ಏಳುವಾಗ ಅರಳೆ ಕೊಡವಿಕೊಂಡು ಏಳಬೇಕು. ಪೂಜ್ಯರು ಹುಟ್ಟಿದ್ದು ಹತ್ತಿ ಹಿಂಜುವ ಪಿಂಜಾರರ ಮನೆಯಲ್ಲಿ. ಗುರೂಪದೇಶ ಪಡೆದದ್ದು ಅದೇ ಗುಡ್ಡದ ಗವಿಯಲ್ಲಿ. ಹಾಗಾದರೆ ಅಜ್ಜನವರು ಯಾವ ಮತದವರು ಎಂದು ಇಂದಿಗೂ ನನ್ನನ್ನು ಕೇಳುವವರಿದ್ದಾರೆ. ಅಂಥವರಿಗೆ ನಾನು ಕೇಳುವುದು ಇಷ್ಟೇ: ಸ್ವಾಮಿ, ನಿಮಗೆ ಬೇರೆ ಕೆಲಸವಿಲ್ಲವೇ?

ಉಪದೇಶವಾದ ಮೇಲೂ ಪೂಜ್ಯರು ಹಿಂಜುವ ಕೆಲಸ ಬಿಡಲಿಲ್ಲ. ಸುತ್ತಲಿನ ಯಾವ ಊರಲ್ಲಿ ಹೆರಿಗೆಯಾದರೂ ಕೂಸಿನ ಹಾಸಿಗೆ ಮಠದಿಂದಲೇ ಹೋಗಬೇಕು, ಅದು ಅವರ ವ್ರತ. ಹಿಂಜುವ ಬಿಲ್ಲನ್ನು ನೋಡದವರಿಗಾಗಿ ಹೇಳುತ್ತೇನೆ. ಅದು ಆಳೆತ್ತರದ ಭಾರವಾದ ಬಿಲ್ಲು, ಅದಕ್ಕೆ ಬಿಗಿದ ನರದ ಹೆದೆ. ಛಾವಣಿಯ ತೊಲೆಯಿಂದ ಒಂದು ಹಗ್ಗ ಇಳಿಬಿಟ್ಟು, ಹಗ್ಗದ ತುದಿಯ ಕಬ್ಬಿಣದ ಬಳೆಗೆ ಬಿಲ್ಲನ್ನು ತೂಗಹಾಕುತ್ತಾರೆ. ಎಡಗೈ ಅದನ್ನು ಅರಳೆಯ ಮೇಲೆ ಹಿಡಿದು ತೋರಿಸಿದರಾಯಿತು. ಬಲಗೈಯ ಮರದ ಕೊಡತಿ ಹೆದೆಗೆ ಬಡಿದೊಡನೆ ಟಂಯ್ ಎಂದು ಹೆದೆ ನಡುಗುತ್ತದೆ, ಹತ್ತಿ ಹಾರಿ ಅರಳುತ್ತದೆ. ಪಡಸಾಲೆಯಲ್ಲಿ ಇಂಥ ಬಿಲ್ಲು ಎರಡಿದ್ದವು. ಒಂದರ ಬಳೆ ಸವೆದು ಮುರಿದುದರಿಂದ ಅದು ಮೂಲೆ ಸೇರಿತ್ತು.

ಪಾಳೆಯಗಾರರ ಕಾಲದ ಮಾತಿದು. ಬೊಮ್ಮಗುಡ್ಡದ ದೊರೆ ಸೋಮನಾಯಕರ ಬಿಲ್ಲಾಳುಗಳಲ್ಲಿ ಯಂಕೋಬ ನಾಯಕನೆಂದರೆ ಎತ್ತಿದ ಕೈ. ವಿಜಯದಶಮಿಯ ದಿನ ಬನ್ನಿಗಿಡದ ಮುಂದೆ ಬಾಳೆಯ ಕಂಬ ನೆಟ್ಟು, ಅದಕ್ಕೆ ಅಂಬು ಹೊಡೆಯುವ ಹಕ್ಕು ಅವನ ಮನೆತನದ್ದು. ಅಂಬು ಬಾಳೆಗೆ ನಾಟಿದ ಮೇಲೆಯೇ ಜನ ಬನ್ನಿಯ ಎಲೆ ಕೀಳಬೇಕು, ಒಬ್ಬರಿಗೊಬ್ಬರು ಕೊಟ್ಟು ಬಂಗಾರದಂತೆ ಬಾಳೋಣ ಎನ್ನಬೇಕು. ಗುರಿ ತಪ್ಪಿದರೆ ಊರಿಗೆ ಕೇಡು ಎಂದು ನಂಬಿಕೆ. ತಪ್ಪಿದವನ ಮನೆತನದಿಂದ ಆ ಹಕ್ಕು ಶಾಶ್ವತವಾಗಿ ಹೋದಂತೆಯೇ.

ಹಿಂದಿನ ವರ್ಷ ಯಂಕೋಬನ ಅಂಬಿಗೆ ಬಾಳೆ ಎರಡು ತುಂಡಾಗಿತ್ತು. ದೊರೆಗಳು ಹಿಗ್ಗಿ ಅವನ ಬಲಗೈಗೆ ಚಿನ್ನದ ಕಡಗ ತೊಡಿಸಿದ್ದರು. ಅಂದಿನಿಂದ ಶುರುವಾಯಿತು ನೋಡಿ ಅವನ ಪಾಡು! ಬಿಲ್ಲು ಎಳೆಯುತ್ತಾನೆ, ಅಂಬಿನ ಮೊನೆ ಗುರಿಗೆ ನೇರವಾಗುತ್ತದೆ, ಅಷ್ಟರಲ್ಲಿ ಹೆದೆ ಹಿಡಿದ ಹೆಬ್ಬೆರಳು ಕಚ್ಚಿಕೊಂಡುಬಿಡುತ್ತದೆ. ಬಿಡು ಎಂದರೆ ಬಿಡದು. ಕಣ್ಣು ಚೆನ್ನಾಗಿದೆ, ತೋಳು ಗಟ್ಟಿಯಾಗಿದೆ, ಬೆರಳು ಮಾತ್ರ ಅವನ ಮಾತು ಕೇಳುತ್ತಿಲ್ಲ. ಎಳೆದು, ನಡುಗಿ, ಬೆವೆತು, ಮತ್ತೆ ಮೆಲ್ಲಗೆ ಹೆದೆ ಇಳಿಸುತ್ತಾನೆ. ಪಾಪ, ಯಾರ ಮುಂದೆ ಹೇಳಿಯಾನು? ಸಾಧನೆಗೆಂದು ಒಬ್ಬನೇ ಗುಡ್ಡದ ಹಿಂದೆ ಹೋಗಿ ಸಂಜೆಗೆ ಬರುತ್ತಿದ್ದ.

ಅವನ ಹೆಂಡತಿ ಹುಲಿಗೆಮ್ಮ ಚುರುಕು ಹೆಂಗಸು. ನವರಾತ್ರಿ ಹತ್ತಿರ ಬಂದಾಗ ಒಂದು ದಿನ ಬತ್ತಳಿಕೆಯನ್ನು ಅವನ ಮುಂದಿಟ್ಟು ಕೇಳಿದಳು: "ದಿನಾ ಹೊಡ್ಯಾಕ ಹೋಗ್ತೀರಿ. ಒಂದು ಬಾಣದ ಮೊನಿಗರ ಮಣ್ಣು ಹತ್ತಿದ್ದು ಕಾಣವಲ್ದು. ಏನ್ರಿ ಇದು?"

ಯಂಕೋಬ ಮೊದಲು ರೇಗಿದ, ಆಮೇಲೆ ಅತ್ತೇಬಿಟ್ಟ. ಎಲ್ಲ ಕೇಳಿದ ಮೇಲೆ ಅವಳೆಂದಳು: "ಅಜ್ಜಾರ ಕಡೆ ಹೋಗ್ರಿ."

"ಹತ್ತಿ ಹಿಂಜೋರಿಗೆ ಬಿಲ್ವಿದ್ಯಾದ ಮಾತು ಏನು ಗೊತ್ತಿದ್ದೀತು?"

"ಗೊತ್ತಿದ್ದವ್ರು ಕುಂತು ಅಳಾಕ ಹತ್ತೀರಿ. ಗೊತ್ತಿಲ್ಲದವ್ರ ಕಡೆನಾದ್ರೂ ಹೋಗಿ ನೋಡ್ರಿ" ಎಂದು ಹುಲಿಗೆಮ್ಮ ಒಳಗೆ ಹೋದಳು.

ಹೀಗೆ ಯಂಕೋಬ ನಾಯಕ ಅರೆಮನಸ್ಸಿನಿಂದಲೇ ಮಠಕ್ಕೆ ಬಂದ. ಬರುವಾಗ ತಾಯತವೋ ಭಸ್ಮವೋ ಸಿಕ್ಕೀತೆಂದು ಎಣಿಸಿದ್ದ. ಪೂಜ್ಯರು ಹಿಂಜುತ್ತಲೇ ಅವನ ಕಥೆಯನ್ನೆಲ್ಲ ಕೇಳಿದರು. ಅವರ ಹುಬ್ಬಿನ ಮೇಲೆ, ಗಡ್ಡದ ಮೇಲೆ ಎಲ್ಲ ಅರಳೆ ಕೂತಿತ್ತು. ಕೇಳಿ ಮುಗಿದ ಮೇಲೆ ಕೊಡತಿಯನ್ನು ಅವನ ಕೈಗೆ ಕೊಟ್ಟು, "ಇದಿಷ್ಟು ಹಿಂಜಪಾ. ಬಡಿಗೇರ ಮಲ್ಲವ್ವಗ ದಿನಾ ತುಂಬ್ಯಾವು, ಹಾಸಿಗಿ ಆಗಬೇಕು" ಎಂದು ಪಕ್ಕಕ್ಕೆ ಸರಿದು ಕುಳಿತರು.

ಯಂಕೋಬನಿಗೆ ಮುಖ ಕೆಂಪೇರಿತು. ದೊರೆಯ ಬಿಲ್ಲಾಳು ಕೂಸಿನ ಹಾಸಿಗೆಗೆ ಹತ್ತಿ ಹಿಂಜುವುದೇ! ಆದರೆ ಪೂಜ್ಯರ ಎದುರು ಇಲ್ಲ ಎನ್ನುವ ಧೈರ್ಯ ಬರಲಿಲ್ಲ. ಬಿಲ್ಲು ಹಿಡಿದ, ಬಡಿದ. ಟಂಯ್ ಎನ್ನಬೇಕಾದ ಹೆದೆ ದಬ್ ಎಂದಿತು. ಹತ್ತಿ ಮಿಸುಕಲಿಲ್ಲ. ಇನ್ನೂ ಜೋರಾಗಿ ಬಡಿದ, ಮತ್ತೆ ದಬ್. ಏನಾಗಿತ್ತೆಂದರೆ, ಹುಟ್ಟಿದಾಗಿನಿಂದ ಬಿಲ್ಲು ಎತ್ತಿ ಹಿಡಿದ ಕೈ ಅದು. ತೂಗುಬಿಟ್ಟ ಬಿಲ್ಲನ್ನೂ ಬಿಗಿಯಾಗಿ ಹಿಡಿದು ಮೇಲಕ್ಕೆತ್ತಿಬಿಟ್ಟಿದ್ದ. ಹಗ್ಗ ಸಡಿಲವಾಗಿ ಜೋತಾಡುತ್ತಿತ್ತು, ಆ ಭಾರವನ್ನೆಲ್ಲ ಈ ಮಹಾರಾಯನೇ ಹೊತ್ತು ನಿಂತಿದ್ದ. ಬೇರೆ ಯಾರೂ ಮಾಡದ ತಪ್ಪು, ಬಿಲ್ಲುಗಾರನೊಬ್ಬನೇ ಮಾಡಬಹುದಾದ ತಪ್ಪು.

ಪೂಜ್ಯರಿಗೆ ನಗು ತಡೆಯಲಾಗಲಿಲ್ಲ. ಮಗುವಿನ ಹಾಗೆ ನಕ್ಕು, ಬೆರಳನ್ನು ಛಾವಣಿಯತ್ತ ತೋರಿಸಿ ಹೇಳಿದರು:

"ಯಂಕೋಬಾ, ತೊಲಿ ಐತಲ್ಲಪಾ."

ಇಷ್ಟೇ ಮಾತು. ಅವನು ನಾಚಿಕೊಂಡು ಒಮ್ಮೆಲೇ ಕೈ ಸಡಿಲಿಸಿದ. ಬಿಲ್ಲು ದಪ್ಪೆಂದು ಹಗ್ಗದ ಮೇಲೆ ಬಿದ್ದ ಜಗ್ಗಿಗೆ ಹಳೆಯ ಕಬ್ಬಿಣದ ಬಳೆ ಪಟ್ಟನೆ ಮುರಿಯಿತು. ಬಿಲ್ಲು ಹೋಗಿ ಅರಳೆಯ ರಾಶಿಯಲ್ಲಿ ಹೂತುಕೊಂಡಿತು. ಯಂಕೋಬ ಗಾಬರಿಯಾದ. ಪೂಜ್ಯರು ಆ ಕಡೆ ಈ ಕಡೆ ನೋಡಿ, ಕೊನೆಗೆ ಅವನ ಬಲಗೈ ನೋಡಿ, ಅಂಗೈ ಚಾಚಿದರು.

"ಇದು ದೊರೆ ಕೊಟ್ಟದ್ದು, ಅಜ್ಜಾ..."

ಪೂಜ್ಯರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ದೊರೆಯ ಕೊಡುಗೆ ಕೈಯಿಂದ ಇಳಿಸುವುದೆಂದರೆ ದೊರೆಯನ್ನೇ ಇಳಿಸಿದಂತೆ. ಆದರೂ ಆ ಅಂಗೈ ಹಾಗೇ ಇತ್ತು, ಅದರ ಮೇಲೂ ಒಂದು ಎಳೆ ಅರಳೆ ಇತ್ತು. ಯಾಕೋ ಏನೋ, ಕಡಗ ಬಿಚ್ಚಿ ಕೊಟ್ಟುಬಿಟ್ಟ. ಪೂಜ್ಯರು ಅದನ್ನು ಹಗ್ಗಕ್ಕೆ ಕಟ್ಟಿ, ಬಿಲ್ಲು ತೂಗಹಾಕಿ, ಮತ್ತೆ ಕೊಡತಿ ಕೊಟ್ಟರು. ಈ ಸಲ ಅವನು ಬಡಿದಾಗ ಟಂಯ್ ಎಂದಿತು! ಹತ್ತಿ ಎದ್ದು ಅವನ ಮೀಸೆಯ ಮೇಲೆಯೇ ಬಂದು ಕೂತಿತು. "ಹಾರ್ತು ಅಜ್ಜಾ, ಹಾರ್ತು!" ಎಂದು ಕೂಗಿದನಂತೆ, ದೊಡ್ಡ ಮನುಷ್ಯ.

ಹಬ್ಬದವರೆಗೂ ಅವನು ಮಠಕ್ಕೆ ಬಂದು ಹಿಂಜಿದ. ಒಂದು ದಿನವೂ ತನ್ನ ಬಿಲ್ಲು ಮುಟ್ಟಲಿಲ್ಲ. ಹಬ್ಬದ ಹಿಂದಿನ ದಿನ ಮಾತ್ರ, "ಅಜ್ಜಾ, ಕಡಗ..." ಎಂದ. "ತೊಗೊಂಡು ಹೋಗಪಾ, ನಿಂದ ಐತಿ. ಬಿಲ್ಲು ಕೆಳಗ ಬೀಳ್ತೈತಿ, ಅಷ್ಟ" ಎಂದರು ಪೂಜ್ಯರು. ಯಂಕೋಬ ತೊಲೆಯತ್ತ ನೋಡಿದ. ತೂಗುತ್ತಿದ್ದ ಬಿಲ್ಲನ್ನು ನೋಡಿದ. ಬರಿಗೈಯಲ್ಲೇ ಮನೆಗೆ ಹೋದ.

ವಿಜಯದಶಮಿಯ ಸಂಜೆ ಬನ್ನಿಗಿಡದ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಳೆ ನಿಂತಿತ್ತು. ಯಂಕೋಬ ಬಿಲ್ಲು ಹಿಡಿದು ದೊರೆಗಳಿಗೆ ಕೈಮುಗಿದ. ಸೋಮನಾಯಕರ ಕಣ್ಣು ನೇರವಾಗಿ ಅವನ ಬಲಗೈಗೆ ಹೋಯಿತು.

"ನಾವು ತೊಡಿಸಿದ ಕಡಗ ಎಲ್ಲಿ?"

"ಮದಾರಜ್ಜಾರ ಬಿಲ್ಲು ಎತ್ತಿ ಹಿಡದೈತ್ರಿ, ದೊರಿ."

ಹಿಂಜುವ ಬಿಲ್ಲಿಗೆ ಅರಮನೆಯ ಚಿನ್ನವೇ! ದೊರೆಗಳ ಮುಖ ಗಂಟಿಕ್ಕಿತು. "ಮೊದಲ ಹೊಡಿ. ಕಡಗದ ನ್ಯಾಯ ಆಮ್ಯಾಲೆ" ಎಂದರು. ಹೊಡೆತ ತಪ್ಪಿದರೆ ಆ ನ್ಯಾಯ ಎಲ್ಲಿಗೆ ಮುಟ್ಟುತ್ತದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೆಂಗಸರ ಗುಂಪಿನಲ್ಲಿ ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡಳು.

ಯಂಕೋಬ ಹೆದೆಯನ್ನು ಕಿವಿಯವರೆಗೆ ಎಳೆದ. ಮೊನೆ ಬಾಳೆಗೆ ನೇರವಾಯಿತು. ಅಯ್ಯೋ ಶಿವನೇ, ಮತ್ತೆ ಹೆಬ್ಬೆರಳು ಕಚ್ಚಿಕೊಂಡಿತು! ಅದೇ ನಡುಕ, ಅದೇ ಬೆವರು. ದೊರೆಯ ಕೋಪ, ಮನೆತನದ ಹೆಸರು, ಊರಿನ ಒಳಿತು ಕೆಡುಕು, ಎಲ್ಲವೂ ಒಟ್ಟಾಗಿ ಆ ಒಂದು ಬೆರಳ ಮೇಲೆ ಕೂತಿದ್ದವು. ಆಗಲೇ ಅವನಿಗೆ ನೆನಪಾದದ್ದು, ಬಿಲ್ಲು ಹೊತ್ತು ಬೆಪ್ಪನಂತೆ ನಿಂತಿದ್ದ ತಾನು, ಪಕ್ಕದಲ್ಲಿ ಜೋತಾಡುತ್ತಿದ್ದ ಹಗ್ಗ, ಪೂಜ್ಯರ ಆ ಬೆರಳು. ತೊಲಿ ಐತಲ್ಲಪಾ. ಇದನ್ನೆಲ್ಲ ಹೊರುವವನು ಬೇರೆ ಇದ್ದಾನೆ, ನಾನ್ಯಾಕೆ ಹೊತ್ತುಕೊಂಡು ನಿಂತೆ?

ಅವನಿಗೆ ನಗು ಬಂತು. ಹೆದೆ ಎಳೆದು ನಿಂತವನು ಹಾಗೆ ನಗುವುದನ್ನು ಆ ಜನ ಎಂದೂ ನೋಡಿರಲಿಲ್ಲ. ನಗುತ್ತಿದ್ದಂತೆಯೇ ಅಂಬು ಹೋಗಿಯಾಗಿತ್ತು. ಯಾವಾಗ ಬಿಟ್ಟೆನೆಂದು ಅವನಿಗೇ ತಿಳಿಯಲಿಲ್ಲ. ಬಾಳೆ ಮೆಲ್ಲಗೆ ವಾಲಿ, ಧೊಪ್ಪನೆ ನೆಲಕ್ಕೆ ಬಿತ್ತು. ಆಮೇಲಿನ ಕೂಗಾಟ ಕೇಳಬೇಕೇ! ಜನ ಬನ್ನಿಗಿಡಕ್ಕೆ ಮುಗಿಬಿದ್ದರು.

ದೊರೆಗಳ ಮುಖದ ಗಂಟು ಸಡಿಲವಾಗಿತ್ತು, ಆದರೆ ಪೂರ್ತಿ ಬಿಚ್ಚಿರಲಿಲ್ಲ. "ನಡಿ, ನಮ್ಮ ಕಡಗ ಏನು ಮಾಡಾಕ ಹತ್ತೈತಿ ನೋಡೂನು" ಎಂದು ಬನ್ನಿ ಹಿಡಿದು ನೇರವಾಗಿ ಮಠಕ್ಕೆ ನಡೆದರು. ಹಿಂದೆ ಯಂಕೋಬ, ಹುಲಿಗೆಮ್ಮ, ಅರ್ಧ ಊರು.

ಪಡಸಾಲೆಯಲ್ಲಿ ಟಂಯ್ ಟಂಯ್ ನಡೆದೇ ಇತ್ತು. ಪೂಜ್ಯರು ತಲೆಯೆತ್ತಿ, "ದೊರೆಗಳು ಬಂದ್ರ? ಕುಂದರ್ರಿ. ಮಲ್ಲವ್ವಗ ಅವಳಿ ಕೂಸು ಹುಟ್ಯಾವು, ಒಂದು ಹಾಸಿಗಿ ಸಾಲದಂಗ ಆಗೈತಿ" ಎಂದು ಮತ್ತೆ ಬಡಿಯತೊಡಗಿದರು. ದೊರೆಗಳು ಮೇಲೆ ನೋಡಿದರು. ಹೊಗೆ ಹಿಡಿದ ತೊಲೆ, ಹುರಿ ಬಿಚ್ಚಿದ ಹಗ್ಗ, ಅದರ ತುದಿಯಲ್ಲಿ ಅರಳೆ ಮೆತ್ತಿಕೊಂಡು ತೂಗುತ್ತಿದ್ದ ತಮ್ಮ ಕಡಗ. ಕೂಸುಗಳ ಹಾಸಿಗೆಯ ಮೇಲೆ ಕೋಪ ಮಾಡುವುದು ಹೇಗೆ? ಅವರಿಗೂ ನಗು ಬಂದುಬಿಟ್ಟಿತು. ಅರಳೆ ಸರಿಸಿ ಅಲ್ಲೇ ಕುಳಿತು, ಪೂಜ್ಯರ ಪಾದದ ಬಳಿ ಬನ್ನಿ ಇಟ್ಟು ನಮಸ್ಕರಿಸಿದರು.

ಆಮೇಲೆ ತಮ್ಮ ಕೈಯಲ್ಲಿದ್ದ ಇನ್ನೊಂದು ಕಡಗ ಬಿಚ್ಚಿ, "ತೊಗೋ ಯಂಕೋಬಾ, ಆ ಕೈದು ಇಲ್ಲೇ ಉಳೀತು. ಈ ಕೈಗೆ ಹಾಕ್ಕೋ. ಇದನ್ನರ ಇಟಗೊಂಡಿರು" ಎಂದರು. ಜನ ಭೇಷ್ ಎಂದರು.

ಯಂಕೋಬ ಕಡಗವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ತೊಡಲಿಲ್ಲ. ಅವನ ಕಣ್ಣು ಮೂಲೆಗೆ ಹೋಗಿತ್ತು, ಬಳೆ ಮುರಿದು ಸುಮ್ಮನೆ ಬಿದ್ದಿದ್ದ ಎರಡನೆಯ ಬಿಲ್ಲಿಗೆ.

"ಸಿಟ್ಟಾಗಬ್ಯಾಡ್ರಿ, ದೊರಿ" ಎಂದ. "ಕೂಸು ಎರಡು ಅದಾವ. ಅಜ್ಜಾರದು ಇನ್ನೊಂದು ಬಿಲ್ಲು ಐತಿ. ಅದಕ್ಕೂ ಬಳಿ ಇಲ್ಲ."

ಮೊದಲು ನಕ್ಕವರು ದೊರೆಗಳೇ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಟ್ಟೋ ಮಾರಾಯಾ, ಅದನ್ನೂ ಕಟ್ಟು!" ಎಂದರು.

ಆಗ ಪೂಜ್ಯರ ಕೊಡತಿ ನಿಂತಿತು. ದೊರೆಗಳೇ ಬಂದಾಗಲೂ ನಿಲ್ಲದ ಕೊಡತಿ. ಯಂಕೋಬನ ಬರಿಗೈಗಳನ್ನು ನೋಡಿ, ಗಡ್ಡದ ಅರಳೆಯನ್ನೆಲ್ಲ ಕುಣಿಸುವಂತೆ ನಕ್ಕು, ಪೂಜ್ಯರು ಹೇಳಿದರು:

"ಈಗ ಬಿಲ್ಲುಗಾರ ಆದಿ ನೋಡಪಾ."

ಊರೆಲ್ಲ ಅವನು ಬಿಲ್ಲುಗಾರನಾದದ್ದು ಬನ್ನಿಗಿಡದ ಮುಂದೆ ಎಂದುಕೊಂಡಿತ್ತು. ಆಗಿದ್ದು ಇಲ್ಲಿ. ಯಂಕೋಬ ಪೂಜ್ಯರ ಪಾದಕ್ಕೆ ಹಣೆ ಹಚ್ಚಿದವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣೀರಿಗೆ ಮುಖದ ತುಂಬ ಅರಳೆ ಅಂಟಿತ್ತು. ಹುಲಿಗೆಮ್ಮ ಸೆರಗಿನಿಂದ ಅದನ್ನು ಒರೆಸುತ್ತ, "ಮುಂದಿನ ಸಾರಿ ಮಲ್ಲವ್ವ ಮೂರು ಹಡದ್ರ ಏನು ಮಾಡ್ತೀರಿ?" ಎಂದಳು. ಯಂಕೋಬ ಇನ್ನೊಂದು ಹಗ್ಗವನ್ನು ತೊಲೆಯ ಮೇಲೆ ಎಸೆದು, ತುದಿಗೆ ಹೊಸ ಕಡಗ ಕಟ್ಟಿ, ಬಿಲ್ಲು ತೂಗಹಾಕಿ, ಪೂಜ್ಯರ ಪಕ್ಕದಲ್ಲೇ ಕೊಡತಿ ಹಿಡಿದು ಕುಳಿತ.