ಕುಂಕುಮ ಏರಿಸಿದ ಪಿಸ್ತೂಲು

"ಗುರುಗಳೇ, ನನಗೆ ತಾಳ್ಮೆ ಬಂದಿದೆಯೆಂದು ಹೇಗೆ ತಿಳಿಯುವುದು?" ಎಂದು ಶಿಷ್ಯ ಚನ್ನವೀರ ಕೇಳಿದ. "ಮಠಕ್ಕೆ ಬಂದ ಮೇಲೆ ಒಂದು ದಿನವೂ ಸಿಟ್ಟು ಬಂದಿಲ್ಲ. ಇನ್ನು ಊರಿಗೆ ಹೋಗಿ ಅಣ್ಣನ ಜೊತೆ ಒಂದೇ ಮನೆಯಲ್ಲಿ ಇರಬಲ್ಲೆ ಅನ್ನಿಸುತ್ತದೆ."

ಗುರುಗಳಿಗೆ ಕತೆ ಹೇಳುವುದೆಂದರೆ ಊಟಕ್ಕಿಂತ ಇಷ್ಟ. "ಕೂತುಕೋ" ಎಂದರು.

ಒಬ್ಬ ಚಿನ್ನದ ವ್ಯಾಪಾರಿಯಿದ್ದ. ಒಡವೆಗಳನ್ನು ಊರೂರಿಗೆ ತಾನೇ ಒಯ್ದು ಕೊಡುತ್ತಿದ್ದ. ಕಳ್ಳರ ಭಯಕ್ಕೆ ಸರ್ಕಾರದ ಪರವಾನಗಿ ಪಡೆದು ಒಂದು ಪಿಸ್ತೂಲು ಕೊಂಡ. ಜುಬ್ಬದೊಳಗೆ ಸೊಂಟಕ್ಕೆ ಕಟ್ಟಿಕೊಂಡರೆ ಅದು ಅಲ್ಲಿದೆಯೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನೊಬ್ಬನಿಗೆ ಗೊತ್ತು, ಅಷ್ಟಕ್ಕೇ ಎದೆಯುಬ್ಬಿಸಿ ನಡೆಯುತ್ತಿದ್ದ.

ಪಿಸ್ತೂಲಿನ ಮೇಲೆ ಅವನಿಗೆ ಬಹಳ ಭಕ್ತಿ. ಪ್ರತಿ ಆಯುಧಪೂಜೆಗೆ ಅದರೊಳಗಿನ ಗುಂಡು ತುಂಬಿದ ಮ್ಯಾಗಜೀನನ್ನು ಹೊರತೆಗೆದು ಪಕ್ಕದಲ್ಲಿಟ್ಟು, ಎರಡಕ್ಕೂ ಎಣ್ಣೆ ಸವರಿ, ಗಂಧ ಹಚ್ಚಿ, ಧಾರಾಳವಾಗಿ ಕುಂಕುಮ ಏರಿಸುತ್ತಿದ್ದ. ಗುಂಡು ಮಾತ್ರ ಒಂದನ್ನೂ ಹಾರಿಸಿರಲಿಲ್ಲ.

ಒಮ್ಮೆ ಮದುಮಗಳ ಒಡವೆಗಳನ್ನೆಲ್ಲ ಕಾಡುದಾರಿಯಲ್ಲಿ ಒಯ್ಯಬೇಕಾಗಿ ಬಂತು. ಹೊರಡುವ ಹಿಂದಿನ ದಿನ ಹೆಂಡತಿ ಕೇಳಿದಳು: "ರೀ, ಅದು ಹಾರುತ್ತದೆ ತಾನೇ?"

"ಹಾರದೆ ಏನು? ವರ್ಷವರ್ಷ ಪೂಜೆ ಮಾಡಿದ್ದೇನೆ."

"ಮಿಕ್ಸಿ ಕೊಳ್ಳುವಾಗ ಅಂಗಡಿಯವನ ತಲೆ ತಿಂದು, ತಿರುಗಿಸಿ ತಿರುಗಿಸಿ ನೋಡಿ ತಂದವರು ನೀವು. ಜೀವ ಕಾಯುವ ವಸ್ತುವನ್ನು ಒಂದು ಸಲವೂ ನೋಡಿಲ್ಲ. ನಾಳೆ ನಿಮಗೇನಾದರೂ ಆದರೆ ಆ ಮಿಕ್ಸಿ ಇಟ್ಟುಕೊಂಡು ನಾನೇನು ಮಾಡಲಿ?"

ಅವನು ಮುಖ ಊದಿಸಿಕೊಂಡೇ ಗುಂಡು ಹೊಡೆಯುವ ಅಭ್ಯಾಸದ ಬಯಲಿಗೆ ಹೋದ. ಮೊದಲ ಗುಂಡು ಹಾರಿತು. ಹೆಂಡತಿ ನೋಡಬೇಕಿತ್ತು ಅಂದುಕೊಂಡ. ಎರಡನೆಯದು ಹಾರಲಿಲ್ಲ. ಎಷ್ಟು ಒತ್ತಿದರೂ ಹಾರಲಿಲ್ಲ.

ಅಲ್ಲಿದ್ದ ತರಬೇತುದಾರ ಮ್ಯಾಗಜೀನ್ ಬಿಚ್ಚಿ ತೋರಿಸಿದ. ಎಣ್ಣೆಗೆ ಮೆತ್ತಿಕೊಂಡ ಕುಂಕುಮ ಒಳಗೆ ಗಟ್ಟಿಯಾಗಿ ಕೂತಿತ್ತು. ಗುಂಡನ್ನು ಮೇಲಕ್ಕೆ ತಳ್ಳಬೇಕಾದ ಸ್ಪ್ರಿಂಗು ಅಲ್ಲಾಡುತ್ತಿರಲಿಲ್ಲ. ಪಿಸ್ತೂಲಿನ ಜೊತೆ ಬಂದಿದ್ದ ಇನ್ನೊಂದು ಮ್ಯಾಗಜೀನ್ ಪೂಜೆಯ ಭಾಗ್ಯ ಕಾಣದೆ ಅವನು ಜೊತೆಗೆ ತಂದಿದ್ದ ಡಬ್ಬಿಯಲ್ಲೇ ಉಳಿದಿತ್ತು. ಅದಕ್ಕೆ ಗುಂಡು ತುಂಬಿ ಹಾಕಿದ್ದೇ ತಡ, ಗುಂಡುಗಳು ಒಂದರ ಹಿಂದೊಂದು ಸಲೀಸಾಗಿ ಹಾರಿದವು.

ವ್ಯಾಪಾರಿ ಅಲ್ಲೇ ನೆಲದ ಮೇಲೆ ಕುಳಿತು ನೀರು ಕೇಳಿದ. ತಾನು ಇಷ್ಟು ವರ್ಷ ಎದೆಯುಬ್ಬಿಸಿ ನಡೆದ ದಾರಿಗಳೆಲ್ಲ ಕಣ್ಣ ಮುಂದೆ ಬಂದವು.

ಮನೆಗೆ ಬಂದಾಗ ಹೆಂಡತಿ, "ಈಗ ಭಯ ಹೋಯಿತೇ?" ಎಂದಳು.

"ಇಲ್ಲ ಮಾರಾಯ್ತಿ, ಇವತ್ತು ಬಂತು" ಎಂದ.

ಅವಳು ನಕ್ಕು ಬಡಿಸಿದಳು. ಮರುದಿನ ಆ ಇನ್ನೊಂದು ಮ್ಯಾಗಜೀನನ್ನೇ ಹಾಕಿಕೊಂಡು ಹೋಗಿ, ಒಡವೆ ಕೊಟ್ಟು, ಕ್ಷೇಮವಾಗಿ ಬಂದ. ದಾರಿಯಲ್ಲಿ ಯಾವ ಕಳ್ಳನೂ ಸಿಗಲಿಲ್ಲ. ಆಮೇಲೆ ಆಗಾಗ ಬಯಲಿಗೆ ಹೋಗಿ ಎರಡೂ ಮ್ಯಾಗಜೀನುಗಳನ್ನು ಹಾಕಿ ಗುಂಡು ಹೊಡೆದು ನೋಡಿ, ಒರೆಸಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡ. ಆಯುಧಪೂಜೆಯನ್ನೇನೂ ಬಿಡಲಿಲ್ಲ, ಕುಂಕುಮವನ್ನು ಮಾತ್ರ ಪಿಸ್ತೂಲಿನ ಚರ್ಮದ ಚೀಲಕ್ಕೆ ಹಚ್ಚಿದ.

ಕತೆ ಮುಗಿಯಿತು. ಚನ್ನವೀರನಿಗೆ ನಗು ತಡೆಯಲಾಗಲಿಲ್ಲ. "ಪಾಪ, ಒಂದು ದಿನವೂ ಹೊಡೆದು ನೋಡದೆ ಅದೆಷ್ಟು ಧೈರ್ಯದಿಂದ ಓಡಾಡಿದ ಗುರುಗಳೇ!"

ಗುರುಗಳೂ ಅವನ ಜೊತೆ ಮನಸಾರೆ ನಕ್ಕರು. ನಂತರ ಕೇಳಿದರು:

"ಈ ಮಠದಲ್ಲಿ ನಿನ್ನನ್ನು ಈವರೆಗೆ ಕೆಣಕಿದವರು ಯಾರಪ್ಪ?"