ಮರಿಸ್ವಾಮಿ ಮೇಜಿನ ಮಾಸ್ಟರಾದದ್ದು

ಹ್ಞೂಂ ಅನ್ನುವುದಕ್ಕೆ ಒಬ್ಬರಿದ್ದರೆ ಸಾಕು, ಹೇಳಿಬಿಡುತ್ತೇನೆ.

ಅರಸೀಕೆರೆಯ ಸ್ಟೇಷನ್ ಹಿಂದಿನ ಬೀದಿಯಲ್ಲಿ ದೇವೀರಮ್ಮ ಅಂತ ಒಬ್ಬಳು ಟೈಲರ್ ಇದ್ದಳು. ಅವಳು ಹೊಲಿದ ರವಿಕೆ ಮೈಗೆ ಎರಕ ಹೊಯ್ದ ಹಾಗೆ ಕೂರುತ್ತಿತ್ತು. ಅವಳಿಗೆ ಒಬ್ಬನೇ ಮಗ, ಮರಿಸ್ವಾಮಿ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಹೇಳಿದಷ್ಟಕ್ಕೇ ನಿಂತುಬಿಡುತ್ತಿತ್ತು. "ಹಾಲು ಉಕ್ಕೋದನ್ನ ನೋಡ್ಕೊಂಡಿರು" ಅಂದರೆ ನೋಡಿಕೊಂಡೇ ಇರುತ್ತಿದ್ದ. ಉಕ್ಕಿ ಒಲೆಯೆಲ್ಲ ಹರಿದ ಮೇಲೆ, "ನೋಡಿದೆ ಕಣವ್ವ, ಚೆನ್ನಾಗಿ ಉಕ್ತು" ಅನ್ನುತ್ತಿದ್ದ.

"ನಿನ್ನ ಕಟ್ಟಿಕೊಂಡು ನಾನೇನು ಮಾಡ್ಲೋ" ಅನ್ನುವುದು ದೇವೀರಮ್ಮನ ದಿನದ ಸುಪ್ರಭಾತ.

ಆದರೆ ಭಾನುವಾರ ಮಧ್ಯಾಹ್ನ ಮಾತ್ರ ಅವನ ಮುಖ ಬೇರೆಯೇ ಆಗುತ್ತಿತ್ತು. ಯಾಕೆಂದರೆ ಆವತ್ತು ಅವಳ ಅಂಗಡಿಯಲ್ಲಿ ಕತೆಯಾಟ ನಡೆಯುತ್ತಿತ್ತು. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಸುತ್ತ ಜನ ಕೂರುತ್ತಿದ್ದರು. ಒಬ್ಬ ಕತೆ ನಡೆಸುವವ; ಅವನಿಗೆ ಮಾಸ್ಟರು ಅಂತ ಹೆಸರು. ಉಳಿದವರು ಕತೆಯೊಳಗಿನ ಜನ. ಮಾಸ್ಟರು "ಎದುರಿಗೆ ಕೋಟೆ ಇದೆ" ಅಂದರೆ ಇವರು "ಗೋಡೆ ಹತ್ತುತ್ತೇವೆ" ಅನ್ನಬೇಕು. ಹತ್ತಿದರೋ ಬಿದ್ದರೋ ಅನ್ನುವುದನ್ನು ದಾಳ ಹೇಳಬೇಕು. ಮೆಡಿಕಲ್ ಸ್ಟೋರಿನ ತೋಂಟೇಶ ಅಲ್ಲಿ ದರೋಡೆಕೋರ. ಹೈಸ್ಕೂಲಿನ ನಸೀಮಾ ಮೇಡಂ ಮಂತ್ರವಾದಿ. ಅಂಚೆ ಕಚೇರಿಯ ವನಮಾಲಾ ಬಿಲ್ಲುಗಾರ್ತಿ. ಅವಳು ಬರುತ್ತಿದ್ದಳು, ಕೂರುತ್ತಿದ್ದಳು, ನಗುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಮರಿಸ್ವಾಮಿ ಟೀ ಕೊಟ್ಟು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೇಳುತ್ತಿದ್ದ.

ಮಾಸ್ಟರಾಗಿದ್ದ ಬ್ಯಾಂಕಿನವರಿಗೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಒಪ್ಪಲಿಲ್ಲ. ಆಟ ನಿಲ್ಲಿಸೋಣ ಅನ್ನುವ ಮಾತು ಬಂತು.

"ನಾನು ಮಾಡ್ತೀನಿ" ಅಂದ ಮರಿಸ್ವಾಮಿ.

ತೋಂಟೇಶ ನಕ್ಕ. ನಸೀಮಾ ಮೇಡಂ ನಗಲಿಲ್ಲ. "ಮಾಡಲಿ ಬಿಡಿ" ಅಂದರು. "ಮರಿಸ್ವಾಮಿ, 'ಮೇಜಿನ ಸುತ್ತ' ಅಂತ ಒಂದು ಪಾಡ್‌ಕಾಸ್ಟ್ ಇದೆ. ಮೊಬೈಲಿನಲ್ಲಿ ರೇಡಿಯೋ ಕೇಳಿದ ಹಾಗೆ ಕೇಳಬಹುದು. ಅವರೂ ಇದೇ ಆಟ ಆಡ್ತಾರೆ. ಆಡಿದ ಮೇಲೆ ಶಾಲ್ಮಲಿ ಅನ್ನೋರು, ಮಾಸ್ಟರು ಹೇಗಿರಬೇಕು ಅಂತ ಹೇಳಿಕೊಡ್ತಾರೆ. ಅವರು ಹೇಳಿದ ಹಾಗೆ ಮಾಡಿ."

ಹೇಳಿದ ಹಾಗೆ ಮಾಡುವುದರಲ್ಲಿ ಮರಿಸ್ವಾಮಿಯನ್ನು ಮೀರಿಸುವವರು ಯಾರಿದ್ದರು.

ಗುಂಡಿ ಕಟ್ಟುತ್ತ ಕೇಳಿದ, ಅಂಚು ಹೊಲಿಯುತ್ತ ಕೇಳಿದ. ಶಾಲ್ಮಲಿ ಹೇಳಿದಳು: "ಮಾಸ್ಟರುಗಳೇ, ಆಟಗಾರರನ್ನು ಒಂದೇ ದಾರಿಗೆ ತಳ್ಳಬೇಡಿ. ಎಲ್ಲ ಬಾಗಿಲೂ ತೆರೆದಿರಲಿ."

ಭಾನುವಾರ ಬಂತು. ಮರಿಸ್ವಾಮಿ ಮುಂಬಾಗಿಲು ತೆಗೆದ, ಹಿಂಬಾಗಿಲು ತೆಗೆದ, ಬೀರುವಿನ ಬಾಗಿಲೂ ತೆಗೆದ. ಕೋಟೆಯ ಕತೆ ಶುರುವಾಗಿ ಎಲ್ಲರೂ ಮೈಮರೆತಿದ್ದಾಗ ಹಿಂಬಾಗಿಲಿಂದ ಒಂದು ಮೇಕೆ ಬಂತು. ಮೇಜಿನ ಮೇಲಿದ್ದ ಕೋಟೆಯ ನಕ್ಷೆ ತಿಂದಿತು. ಬೀರುವಿನಿಂದ ಯಾರದೋ ಮದುವೆಯ ರವಿಕೆಯ ಒಂದು ತೋಳು ತಿಂದು ಮುಂಬಾಗಿಲಿಂದ ಹೋಯಿತು.

ದೇವೀರಮ್ಮ ಉಳಿದ ತೋಳು ಹಿಡಿದುಕೊಂಡು ನಿಂತಳು. "ಅಲ್ವೋ, ಬಾಗಿಲು ಯಾಕೆ ತೆಗೆದೆ?"

"ತೆರೆದಿರಲಿ ಅಂದ್ರು ಕಣವ್ವ."

"ಅವರು ಹೇಳಿದ್ದು ಕತೆ ಬಾಗಿಲು ಕಣೋ, ಮನೆ ಬಾಗಿಲಲ್ಲ. ಕತೆಯ ವಿಷಯ ಏನಿದ್ರೂ ಬಾಯಲ್ಲಿ ಹೇಳು, ಕೈಯಲ್ಲಿ ಮಾಡಬೇಡ."

"ಹಂಗೇ ಆಗ್ಲಿ ಕಣವ್ವ. ಬಾಯಲ್ಲಿ ಹೇಳ್ತೀನಿ, ಕೈಯಲ್ಲಿ ಮಾಡಲ್ಲ."

ಮತ್ತೆ ಕೇಳಿದ. ಶಾಲ್ಮಲಿ ಹೇಳಿದಳು: "ದಾಳವನ್ನು ಎಲ್ಲರ ಎದುರಿಗೆ ಉರುಳಿಸಿ. ಮುಚ್ಚುಮರೆ ಮಾಡಿದರೆ ಆಟಗಾರರ ನಂಬಿಕೆ ಹೋಗುತ್ತದೆ."

ಭಾನುವಾರ ಬಂತು. ತೋಂಟೇಶನ ದರೋಡೆಕೋರ ಕೋಟೆಯ ಗೋಡೆ ಹತ್ತುತ್ತಿದ್ದ. ಮರಿಸ್ವಾಮಿ ಕೈ ಹಿಂದಕ್ಕೆ ಕಟ್ಟಿಕೊಂಡು ಎದ್ದು ನಿಂತ. "ಎಲ್ಲರ ಎದುರಿಗೇ ಹೇಳ್ತಿದೀನಿ. ದಾಳ ಉರುಳಿತು" ಅಂದ.

"ಎಷ್ಟು ಬಿತ್ತು?" ಅಂದ ತೋಂಟೇಶ.

"ಬಿದ್ದಿಲ್ಲ ತೋಂಟೇಶಣ್ಣ. ಉರುಳಿತು ಅಂತ ಹೇಳಿದೆ."

"ಹಂಗಾದ್ರೆ ನಾನು ಗೋಡೆ ಹತ್ತಿದ್ನೋ, ಬಿದ್ನೋ?"

"ಅದು ದಾಳ ಹೇಳಬೇಕು."

ತೋಂಟೇಶನ ದರೋಡೆಕೋರ ಸಂಜೆಯವರೆಗೂ ಗೋಡೆಯ ಮೇಲೇ ನೇತಾಡಿಕೊಂಡಿದ್ದ. ತೋಂಟೇಶ ಟೀಯನ್ನೂ ಕುಡಿಯದೆ ಹೋದ.

"ಅಯ್ಯೋ ಮಂಕೇ" ಅಂದಳು ದೇವೀರಮ್ಮ. "ದಾಳ ಕೈಯಲ್ಲಿ ಹಾಕೋದಲ್ವೇನೋ? ಮೇಜಿನ ಹತ್ರ ಕೂತೋರಿಗೆ ಏನು ಮಾಡಿದ್ರೂ ಕಣ್ಣಿಗೆ ಕಾಣೋ ಹಾಗೆ ಮಾಡು."

"ಹಂಗೇ ಆಗ್ಲಿ ಕಣವ್ವ. ಕಣ್ಣಿಗೆ ಕಾಣೋ ಹಾಗೆ ಮಾಡ್ತೀನಿ."

ಮತ್ತೆ ಕೇಳಿದ. ಶಾಲ್ಮಲಿ ಹೇಳಿದಳು: "ಮಾತಾಡುವವರೇ ಮಾತಾಡುತ್ತಿರುತ್ತಾರೆ. ಒಳ್ಳೆಯ ಮಾಸ್ಟರು, ಸುಮ್ಮನೆ ಕೂತವರ ಮೇಲೂ ಬೆಳಕು ಬೀಳುವಂತೆ ನೋಡಿಕೊಳ್ಳುತ್ತಾರೆ."

ನಿಮಗೆ ಗೊತ್ತಾಗಿರಬೇಕು. ಭಾನುವಾರ ಬಂತು, ಮರಿಸ್ವಾಮಿ ದೊಡ್ಡ ಟಾರ್ಚು ತಂದ. ದಾಳವನ್ನು ಎಲ್ಲರ ಎದುರಿಗೇ ಉರುಳಿಸಿದ, ತೋಂಟೇಶನನ್ನು ಗೋಡೆಯಿಂದ ಇಳಿಸಿದ, ಕತೆ ಚೆನ್ನಾಗಿಯೇ ಸಾಗಿತು. ಆಮೇಲೆ ಟಾರ್ಚು ಹೊತ್ತಿಸಿ ನೇರವಾಗಿ ವನಮಾಲಾಳ ಕಣ್ಣಿಗೇ ಬಿಟ್ಟ. ಅವಳು ಮುಖಕ್ಕೆ ಕೈ ಅಡ್ಡ ಹಿಡಿದಳು. ಅವನು ಈ ಕಡೆಯಿಂದ ಬಿಟ್ಟ. ಅವಳು ಆ ಕಡೆ ತಿರುಗಿದಳು. ಅವನು ಮೇಜು ಸುತ್ತಿ ಬಂದು ಆ ಕಡೆಯಿಂದಲೂ ಬಿಟ್ಟ. ಅವಳು ಚೀಲ ತೆಗೆದುಕೊಂಡು ಎದ್ದು ಹೋದಳು.

"ಇನ್ನು ಸಾಕು ದೇವೀರಮ್ಮ" ಅಂದ ತೋಂಟೇಶ. "ನಾವು ಬೇರೆ ಕಡೆ ನೋಡ್ಕೋತೀವಿ."

ಆವತ್ತು ದೇವೀರಮ್ಮ ಬೈಯುವುದಕ್ಕೆ ಬಾಯಿ ತೆರೆದವಳು ಮಗನ ಮುಖ ನೋಡಿ ತಡೆದಳು. ಅವನು ಟಾರ್ಚಿನ ಸೆಲ್ಲು ತೆಗೆಯುತ್ತ, ಹಾಕುತ್ತ ಕೂತಿದ್ದ. "ಬೆಳಕು ಸರಿಯಾಗೇ ಬಿತ್ತಲ್ಲವ್ವ, ಯಾಕೆ ಹೋದ್ರು?" ಅಂದ.

ಮಾರನೆಯ ದಿನ ದೇವೀರಮ್ಮ ಅಂಗಡಿ ಬಿಟ್ಟು ಅಂಚೆ ಕಚೇರಿಗೆ ಹೋದಳು. ಒಂದು ಕವರು ಕೊಂಡಳು. ಕವರು ಕೈಯಲ್ಲಿ ಹಿಡಿದು ಕೌಂಟರಿನ ಮುಂದೆಯೇ ನಿಂತಳು. "ನನ್ನ ಮಗ ನಿನ್ನ ನೋಯಿಸಬೇಕು ಅಂತ ಮಾಡಿದ್ದಲ್ಲ ಕಣಮ್ಮ" ಅಂದಳು.

ವನಮಾಲಾ ಮುದ್ರೆ ಒತ್ತುವುದನ್ನು ನಿಲ್ಲಿಸಿದಳು. "ಟಾರ್ಚಿಗಲ್ಲ ಅಮ್ಮ ನಾನು ಎದ್ದು ಬಂದದ್ದು. ಬೆಳಕು ಬಿದ್ದಾಗ ಎಲ್ಲರೂ ನನ್ನನ್ನೇ ನೋಡಿದ್ರು. ನಾನು ಹೇಳೋದನ್ನ ಹುಡುಕ್ತಾ ಇರೋವಾಗಲೇ ತೋಂಟೇಶಣ್ಣ ಮಾತಾಡಿಬಿಡ್ತಾರೆ. ಯಾವಾಗಲೂ ಹಂಗೇ. ನಂಗೆ ಸ್ವಲ್ಪ ಹೊತ್ತು ಬೇಕು ಅಮ್ಮ."

ದೇವೀರಮ್ಮ ಮನೆಗೆ ಬಂದು ಮಗನನ್ನು ಎದುರಿಗೆ ಕೂರಿಸಿಕೊಂಡಳು. "ನೋಡು ಮಗಾ, ಬೆಳಕು ಅಂದ್ರೆ ಟಾರ್ಚಲ್ಲ. ಮೊದಲು ಅವರನ್ನ ಕೇಳು. ಕೇಳಿ ಆದ ಮೇಲೆ ಕೇಳು."

"ಎರಡು ಸಲ ಕೇಳಬೇಕಾ?"

"ಒಂದು ಸಲ ಬಾಯಲ್ಲಿ ಕೇಳು. ಆಮೇಲೆ ಕಿವಿಯಲ್ಲಿ ಕೇಳು. ಅವರು ಮಾತಾಡೋವರೆಗೂ ನೀನು ತುಟಿ ಬಿಚ್ಚಬೇಡ. ಭೂಮಿ ಬಿರೀಲಿ, ಬಿಚ್ಚಬೇಡ."

"ಹಂಗೇ ಆಗ್ಲಿ ಕಣವ್ವ."

ಅಷ್ಟರಲ್ಲಿ ನಸೀಮಾ ಮೇಡಂ ಒಂದು ಸುದ್ದಿ ತಂದರು. ಅವರು ಪಾಡ್‌ಕಾಸ್ಟಿಗೆ ಬರೆದಿದ್ದರಂತೆ: ನಿಮ್ಮನ್ನು ಕೇಳಿಕೊಂಡೇ ಮಾಸ್ಟರಾದ ಒಬ್ಬರು ನಮ್ಮಲ್ಲಿದ್ದಾರೆ ಅಂತ. ಶಾಲ್ಮಲಿ ಆ ಆಟವನ್ನು ರೆಕಾರ್ಡ್ ಮಾಡಲು ಬರುತ್ತಾಳಂತೆ, ಈ ಭಾನುವಾರವೇ.

ತೋಂಟೇಶ ಓಡಿ ಬಂದ. "ದೇವೀರಮ್ಮ, ಊರಿನ ಮರ್ಯಾದೆ ಪ್ರಶ್ನೆ. ಆವತ್ತೊಂದಿನ ನಾನು ಮಾಸ್ಟರಾಗ್ತೀನಿ. ಮರಿ ಟೀ ಕೊಡಲಿ."

ದೇವೀರಮ್ಮ ಕತ್ತರಿ ಕೆಳಗಿಟ್ಟಳು. "ಟೀ ನಾನು ಕೊಡ್ತೀನಿ" ಅಂದಳು. "ಮೇಜು ನನ್ನದು ತೋಂಟೇಶಪ್ಪ. ಈ ಮೇಜಿಗೆ ಮಾಸ್ಟರು ನನ್ನ ಮಗ." ಕತ್ತರಿ ಎತ್ತಿಕೊಂಡು ಬೇಕಿಲ್ಲದ ಬಟ್ಟೆ ಕತ್ತರಿಸಿದಳು.

ಶಾಲ್ಮಲಿ ರೈಲಿಳಿದು ಬಂದಳು. ನಡುವಯಸ್ಸಿನ ಹೆಂಗಸು, ಹತ್ತಿಯ ಸೀರೆ, ಹೆಗಲಿಗೆ ಮೈಕಿನ ಚೀಲ. ವನಮಾಲಾ ಕೂಡ ಬಂದು ತನ್ನ ಮೂಲೆಯಲ್ಲಿ ಕೂತಳು. ಆಟ ಶುರುವಾಯಿತು.

ಕೋಟೆ ದಾಟಿ ಹೊರಟವರಿಗೆ ಸೇತುವೆಯ ಮೇಲೆ ಒಬ್ಬ ರಾಕ್ಷಸ ಅಡ್ಡ ನಿಂತ. ದರೋಡೆಕೋರ ಕತ್ತಿ ಬೀಸಿದ, ಕತ್ತಿ ಮುರಿಯಿತು. ಮಂತ್ರವಾದಿ ಮಂತ್ರ ಹಾಕಿದಳು, ಮಂತ್ರ ತಿರುಗಿ ಬಂತು. ದಾಳ ಎಲ್ಲರ ಎದುರಿಗೇ ಉರುಳಿ ಎಲ್ಲರ ಎದುರಿಗೇ ಕೈಕೊಟ್ಟಿತು. ಆಗ ಮರಿಸ್ವಾಮಿ ಮೂಲೆಗೆ ತಿರುಗಿದ.

"ವನಮಾಲಕ್ಕ, ನೀವೇನು ಮಾಡ್ತೀರಿ?"

ಕೇಳಿದ. ಆಮೇಲೆ ತುಟಿ ಹೊಲಿದುಕೊಂಡ ಹಾಗೆ ಕೂತ.

ವನಮಾಲಾ ಮೇಜು ನೋಡಿದಳು. ಫ್ಯಾನು ತಿರುಗಿತು. ತೋಂಟೇಶ "ನಾನು ಏನ್ಮಾಡ್ತೀನಿ ಅಂದ್ರೆ" ಅಂದ. ಮರಿಸ್ವಾಮಿ ಅವನ ಕಡೆ ತಿರುಗಲೇ ಇಲ್ಲ. ಯಾರೋ ಗಿರಾಕಿ ಬಾಗಿಲಲ್ಲಿ ನಿಂತು "ನನ್ನ ರವಿಕೆ ಆಯ್ತಾ?" ಅಂದರು, ಅವನು ಉತ್ತರಿಸಲಿಲ್ಲ. ಟೀ ಕೆನೆಗಟ್ಟಿತು. ತೋಂಟೇಶ ಬೆವರು ಒರೆಸಿಕೊಂಡ. ಒಳಗೆ ನಿಂತಿದ್ದ ದೇವೀರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಹೇಳಿಕೊಟ್ಟವಳು ತಾನೇ ಆದರೂ, ಸಾಕು ಮಾತಾಡೋ ಅನ್ನುವುದಕ್ಕೆ ಬಾಯಿ ತುರಿಸುತ್ತಿತ್ತು. ಶಾಲ್ಮಲಿ ಮಾತ್ರ ಮೈಕನ್ನು ಅಲುಗಿಸದೆ ಹಿಡಿದಿದ್ದಳು.

ಕೊನೆಗೆ ವನಮಾಲಾ ತಲೆಯೆತ್ತಿದಳು.

"ಬಿಲ್ಲು ಕೆಳಗಿಡ್ತೀನಿ" ಅಂದಳು. "ಇಟ್ಟು, ಅವನ ಹೆಸರು ಕೇಳ್ತೀನಿ. ಇಷ್ಟು ಹೊತ್ತಾಯ್ತು, ಅವನ ಹೆಸರೇನು ಅಂತ ನಾವ್ಯಾರೂ ಕೇಳಲಿಲ್ಲ."

ಮರಿಸ್ವಾಮಿ ರಾಕ್ಷಸನಿಗೆ ಹೆಸರಿಟ್ಟೇ ಇರಲಿಲ್ಲ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ.

"ಅವನಿಗೆ ಹೆಸರಿಲ್ಲ ಅಕ್ಕ" ಅಂದ. "ಯಾರೂ ಇಟ್ಟಿಲ್ಲ."

"ಹಂಗಾದ್ರೆ ನಾನು ಇಡ್ತೀನಿ" ಅಂದಳು ವನಮಾಲಾ. ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ರಾಕ್ಷಸನನ್ನು ಕೂರಿಸಿ ಮಾತಾಡಿಸಿದಳು, ಅವನ ತಾಯಿ ಎಲ್ಲಿ ಅಂತ ವಿಚಾರಿಸಿದಳು, ಅವನಿಂದಲೇ ಎಲ್ಲರನ್ನೂ ಸೇತುವೆ ದಾಟಿಸಿದಳು. ತೋಂಟೇಶ ಕಣ್ಣಿಗೆ ಕಸ ಬಿತ್ತು ಅಂತ ಆಚೆ ಹೋಗಿ ಬಂದ. ಶಾಲ್ಮಲಿ ಹೊರಡುವಾಗ ಮರಿಸ್ವಾಮಿಗೆ ಕೈಮುಗಿದಳು.

ಅದೆಲ್ಲ ಪಾಡ್‌ಕಾಸ್ಟಿನಲ್ಲಿ ಬಂತು. ಮರಿಸ್ವಾಮಿ ಪೂರ್ತಿ ಕೇಳಿದ. ಕೊನೆಯಲ್ಲಿ ಶಾಲ್ಮಲಿ ಹೇಳಿದಳು: "ನಿಮಗೆ ಇಷ್ಟವಾದರೆ ನಿಮ್ಮವರಿಗೆಲ್ಲ ಹಂಚಿ."

ಮರಿಸ್ವಾಮಿ ಮೊಬೈಲು ಹಿಡಿದು ಬೀದಿಗಿಳಿದ. ಹೋಟೆಲಿನವರಿಗೆ ಆಟ ಶುರುವಾಗುವ ಚೂರು ಕೇಳಿಸಿ ನಿಲ್ಲಿಸಿದ. ಹೂವಿನ ಅಂಗಡಿಯಾಕೆಗೆ ಮುಂದಿನ ಚೂರು, ರಾಕ್ಷಸ ಅಡ್ಡ ನಿಂತದ್ದು. ಸೈಕಲ್ ಶಾಪಿನ ಚಮನ್ ಸಾಬರ ಪಾಲಿಗೆ ಬರೀ ಫ್ಯಾನಿನ ಸದ್ದು ಬಂತು. "ಇದೇನಪ್ಪಾ, ಯಾರೂ ಮಾತೇ ಆಡ್ತಿಲ್ಲ" ಅಂದರು ಅವರು. "ನಿಮ್ಮ ಪಾಲು ಅಷ್ಟೇ ಸಾಬರೇ" ಅಂದು ಇವನು ಮುಂದಕ್ಕೆ ನಡೆದ. ಕ್ಷೌರದ ಅಂಗಡಿಗೆ ರಾಕ್ಷಸನ ಹೆಸರು ಹೋಯಿತು, ಬಳೆ ಅಂಗಡಿಗೆ ಅವನ ತಾಯಿ.

ಆಮೇಲೆ ಸ್ವಂತ ಅಂಗಡಿಗೆ ಬಂದ. "ಅವ್ವ, ನಿನ್ನ ಪಾಲು" ಅಂದು ಒತ್ತಿದ.

ಶಾಲ್ಮಲಿಯ ದನಿ ಬಂತು. "ಈ ಮೇಜಿನ ಮಾಸ್ಟರು ಅರಸೀಕೆರೆಯ ಮರಿಸ್ವಾಮಿ. ಇಷ್ಟು ವರ್ಷದಿಂದ ನಾನು ಮಾಸ್ಟರುಗಳಿಗೆ ಹೇಳಿಕೊಡುತ್ತ ಬಂದಿದ್ದೇನೆ. ಆದರೆ ಆ ದಿನ ಅವರ ಎದುರಿಗೆ ಕೂತಾಗ ನನಗೆ…"

ಮರಿಸ್ವಾಮಿ ನಿಲ್ಲಿಸಿದ.

"ಮುಂದೆ ಏನೋ?" ಅಂದಳು ದೇವೀರಮ್ಮ.

"ಮುಂದಿನದು ನಿನ್ನದಲ್ಲ ಕಣವ್ವ. ಗಿರಣಿಯವರದು."

"ನಾನು ನಿನ್ನ ಹೆತ್ತೋಳು ಕಣೋ."

"ಹಂಚೋವಾಗ ಎಲ್ಲರಿಗೂ ಒಂದೇ ಕಣವ್ವ" ಅಂದು ಹೊರಟೇಬಿಟ್ಟ.

ದೇವೀರಮ್ಮ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಅವನ ಹಿಂದೆ ಓಡಿದಳು. ಬೀದಿಗಿಳಿದು ನೋಡಿದರೆ ಹೋಟೆಲಿನವರು, ಹೂವಿನಾಕೆ, ಚಮನ್ ಸಾಬರು, ಗಲ್ಲಕ್ಕೆ ಸೋಪು ಮೆತ್ತಿಸಿಕೊಂಡೇ ಕ್ಷೌರದ ಅಂಗಡಿಯಿಂದ ಎದ್ದು ಬಂದ ಯಾರೋ ಒಬ್ಬರು, ಎಲ್ಲರೂ ತಮ್ಮ ಚೂರಿನ ಹಿಂದುಮುಂದು ಹುಡುಕಿಕೊಂಡು ಅವಳ ಜೊತೆಗೇ ಓಡುತ್ತಿದ್ದರು. ಗಿರಣಿಯ ರುದ್ರಮುನಿ, ಹಿಂದೊಮ್ಮೆ ಮರಿಸ್ವಾಮಿಯನ್ನು ಕೆಲಸಕ್ಕಿಟ್ಟುಕೊಂಡು, ದಡ್ಡ ಅಂತ ಮಧ್ಯಾಹ್ನಕ್ಕೇ ಮನೆಗೆ ಕಳಿಸಿದ್ದ ಮನುಷ್ಯ. ಇಷ್ಟು ಜನ ಬಂದದ್ದು ನೋಡಿ ಗಾಬರಿಯಾಗಿ ಗಿರಣಿ ಆಫ್ ಮಾಡಿದ. ಮರಿಸ್ವಾಮಿ ಅವನ ಕಿವಿಗೆ ಮೊಬೈಲು ಹಿಡಿದ.

ಪಾಲು ರುದ್ರಮುನಿಯದು, ಕೇಳಿದ್ದು ರುದ್ರಮುನಿಯೊಬ್ಬನೇ. ಅವನ ಹಿಟ್ಟು ಮೆತ್ತಿದ ಮುಖ ನಿಧಾನಕ್ಕೆ ಬದಲಾಯಿತು.

"ಏನಂದ್ರು?" ಅಂದಳು ದೇವೀರಮ್ಮ.

ಇಡೀ ಬೀದಿಯ ಎದುರಿಗೆ ಗಿರಣಿಯ ರುದ್ರಮುನಿ ಗಂಟಲು ಸರಿಮಾಡಿಕೊಂಡು, ತನ್ನ ಬಾಯಿಂದಲೇ ಹೇಳಬೇಕಾಯಿತು:

"'ನಾನೇ ಕಲಿಯುವುದು ಬಾಕಿ ಇದೆ ಅನ್ನಿಸಿತು' ಅಂತ ಅಂದ್ರು, ದೇವೀರಮ್ಮ." ಆಮೇಲೆ ಕೇಳಿದ, "ಯಾರ ಬಗ್ಗೆ ಅದು? ನಿಮ್ಮ ಪಾಲಿಗೆ ಏನು ಬಂತು?"

"ನನ್ನ ಪಾಲಿಗೆ ನನ್ನ ಮಗನ ಹೆಸರು ಬಂತು" ಅಂದಳು ದೇವೀರಮ್ಮ.