ಕೀಲಿಕೈ ಕೇಳಿದ ಪ್ರಶ್ನೆ

ಉಗ್ರಾಣಕ್ಕೆ ಕದಿಯಲು ಹೋದ ಹಾರೆ, ಬಾಗಿಲು ಬಿಡದೆ ನಿಂತ ಮುದಿ ಬೀಗವನ್ನು ಹೊಡೆದು ಕೊಂದುಹಾಕಿತು. ಜೊತೆಯಲ್ಲಿ ಟಾರ್ಚೂ ಇತ್ತು. ಮನೆಯ ಸಾಮಾನುಗಳೆಲ್ಲ ಸೇರಿ ಇಬ್ಬರನ್ನೂ ಹಿಡಿದು ಒರಳುಕಲ್ಲಿನ ಮುಂದೆ ನಿಲ್ಲಿಸಿದವು.

"ಕದಿಯಲು ಹೋದಲ್ಲಿ ಒಂದು ಜೀವ ಹೋದರೆ, ಕದಿಯಲು ಬಂದವರಿಗೆಲ್ಲ ತುಕ್ಕು ತಿಂದು ಮುಗಿಸುವವರೆಗೆ ಅಟ್ಟವೇ ಗತಿ. ಇದರಲ್ಲಿ ನನ್ನ ದಯೆ ದಾಕ್ಷಿಣ್ಯ ಏನೂ ನಡೆಯದು," ಎಂದಿತು ಒರಳು.

ಹಾರೆ ತಲೆ ತಗ್ಗಿಸಿತು. ಟಾರ್ಚು ಮಾತ್ರ ಥಳಥಳಿಸುತ್ತಲೇ, "ಸ್ವಾಮಿ, ನಾನು ಯಾರನ್ನೂ ಮುಟ್ಟಿದವನಲ್ಲ. ಬರೀ ಬೆಳಕು ಕೊಟ್ಟೆ. ಬೆಳಕು ಕೊಡುವುದೂ ತಪ್ಪೇ?" ಎಂದು ವಾದಿಸಿತು.

ಬೀಗದ ಹೆಂಡತಿ ಕೀಲಿಕೈ ಮೊಳೆಯಿಂದ ಇಳಿದು ಬಂದಳು. "ಸರಿಯಪ್ಪ. ನಮ್ಮನೆಯವರು ನೆಲಕ್ಕೆ ಬಿದ್ದ ಮೇಲೆ ಆ ಬೆಳಕನ್ನು ಎಲ್ಲಿಗೆ ಬಿಟ್ಟೆ?"

"ಅಕ್ಕಿ ಮೂಟೆಯ ಮೇಲೆ," ಎಂದುಬಿಟ್ಟಿತು ಟಾರ್ಚು.

"ಇಬ್ಬರೂ ಅಟ್ಟ ಹತ್ತಿ," ಎಂದಿತು ಒರಳು.

ಏಣಿ ಹತ್ತುತ್ತ ಟಾರ್ಚು ಗೊಣಗಿತು: "ನಿನಗೇನು ಬಂತೇ ಇದರಿಂದ? ಇನ್ನು ಯಾವ ಬಾಗಿಲೂ ನಿನ್ನಿಂದ ತೆರೆಯದು!"

"ತೆರೆಯದಿದ್ದರೆ ಬೇಡ," ಎಂದು ಕೀಲಿಕೈ ತಲೆಯೆತ್ತಿಕೊಂಡೇ ಮತ್ತೆ ಮೊಳೆಗೇರಿದಳು. "ನಮ್ಮನೆಯವರು ಮುರಿದುಹೋದರು, ಹಾರೆಗೆ ಮಾತ್ರ ತೆರೆಯಲಿಲ್ಲ. ಬದುಕಿದ್ದಷ್ಟು ದಿನ ಅವರು ತೆರೆದದ್ದು ನನ್ನೊಬ್ಬಳಿಗೇ."